ಮಾಲ್ಗುಡಿ ಉಳೀತು, ನಮ್ಮ ಓಣಿ?

‘ಮಾಲ್ಗುಡಿ ಡೇಸ್’ ಸಂಗೀತ ಕಿವಿಗೆ ಬಿದ್ರೆ ಈಗಲೂ ರೀಲ್ಸ್ ಸರಿಸೋ ಬೆರಳು ನಿಲ್ಲತದ. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಈ ಧಾರಾವಾಹಿಯ ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶಕರು ಶಂಕರ್‌ನಾಗ್. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕಾಶೆಯಲ್ಲೂ ಇಲ್ಲದ ಊರು. ಅದನ್ನ ಸ್ಟುಡಿಯೋದಲ್ಲಿ ಕಟ್ಟೋ ಬದಲು ತಂಡ ಆಗುಂಬೆಗೆ ಹೋಯ್ತು. ಅಲ್ಲಿನ ದೊಡ್ಡಮನೆಯ ಕಂಬ, ಅಂಗಳ, ಹಂಚಿನ ಮಾಡು ಎಲ್ಲ ಇದ್ದಂಗೇ ಕ್ಯಾಮೆರಾದಾಗ ಬಂದವು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಬರೀ 35. ಆದ್ರ ಅವರು ಚಿತ್ರಿಸಿದ ಊರು ಇನ್ನೂ ಉಳಿದದ. ಮಾಲ್ಗುಡಿ ಸ್ಟೇಷನ್ ಆಗಿ ಕಾಣಿಸಿಕೊಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೇ ಕಟ್ಟಡವನ್ನ ನೈಋತ್ಯ ರೈಲ್ವೆ ದುರಸ್ತಿ ಮಾಡಿ, 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿತು. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಜೋಡಿಸಿದರು.

ಒಂದು ಮಾತು ಗಮನಿಸಿ. ಹಳೇ ಸ್ಟೇಷನ್‌ಗಳು ರಾಜ್ಯದಲ್ಲಿ ಬೇಕಾದಷ್ಟಿದ್ದವು. ಅರಸಾಳು ಉಳಿದದ್ದು ಬರೀ ಹಳೇದು ಅಂತಲ್ಲ, ಮಂದಿ ಅದನ್ನ ಗುರುತು ಹಿಡೀತಿದ್ರು ಅಂತ. ಗುರುತಿಲ್ಲದ ಕಟ್ಟಡ ಬಿದ್ರೆ ಯಾರೂ ಕೇಳೋದಿಲ್ಲ.

ಇನ್ನ ನಮ್ಮ ಹುಬ್ಬಳ್ಳಿ–ಧಾರವಾಡಕ್ಕೆ ಬರೋಣ. ಆ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋದು ಹುಬ್ಬಳ್ಳಿಯಲ್ಲೇ. ಅದೇ 2020ರಲ್ಲಿ ಇಲ್ಲಿ ಗದಗ ರಸ್ತೆಯಲ್ಲೂ ಒಂದು ರೈಲ್ವೆ ಮ್ಯೂಸಿಯಂ ತೆರೀತು. ಸ್ವಾಮಿಯ ಅಪ್ಪನ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದವರು. ಬೇಂದ್ರೆಯವರಿಗೆ, ರೈಲಿಗೆ ಅಷ್ಟಾದರೂ ಸಿಕ್ಕಿತು. ಆದ್ರ ಹೊಸಯಲ್ಲಾಪುರ, ಮಾಳಮಡ್ಡಿ, ದಾಜಿಬಾನ ಪೇಟೆಯ ಓಣಿಗಳಿಗೆ? ಬಿಆರ್‌ಟಿಎಸ್‌ಗಾಗಿ ಅವಳಿ ನಗರದ ರಸ್ತೆ ಅಗಲ ಆದಾಗ ಎಷ್ಟು ಗಿಡ, ಎಷ್ಟು ಅಂಗಡಿ ಹೋದವು. ಅವುಗಳ ಫೋಟೊ ನಿಮ್ಮ ಹತ್ರ ಎಷ್ಟದಾವ?

ಮನೆ ಮಾರಿದವರನ್ನ ಬೈದು ಉಪಯೋಗ ಇಲ್ಲ. ನಾಲ್ಕು ಮಂದಿ ಅಣ್ತಮ್ಮಂದಿರ ಪಾಲು, ಪ್ರತಿ ಮಳೆಗಾಲಕ್ಕೂ ಹಂಚಿನ ರಿಪೇರಿ, ಮಕ್ಕಳೆಲ್ಲ ಬೆಂಗಳೂರು, ಪುಣೆ. ಅವರ ಕಷ್ಟ ಅವರಿಗೇ ಗೊತ್ತು.

ಆದ್ರ ಗುರುತು ಉಳಿಸೋದು ನಮ್ಮ ಕೈಯಾಗ ಅದ. ಮುಂದಿನ ಸಲ ಊರಿಗೆ ಹೋದಾಗ ಮನೆಯವರನ್ನ ಕೇಳಿ ಫೋನ್ ತೆಗೀರಿ. ಬಾಗಿಲ ಚೌಕಟ್ಟು, ಪಡಸಾಲಿ, ಮುಂದಿನ ಕಟ್ಟಿ ಎಲ್ಲ ನಿಧಾನಕ್ಕೆ ತೋರಿಸ್ರಿ. ಹಿನ್ನೆಲೆಗೆ ಸಿನಿಮಾ ಹಾಡು ಬ್ಯಾಡ, ಅಜ್ಜಿಯ ದನಿ ಇರಲಿ: ಈ ಮನೆ ಕಟ್ಟಿಸಿದವರು ಯಾರು, ಈ ಕಟ್ಟಿ ಮ್ಯಾಲೆ ಸಂಜೀಕ ಯಾರ್‍ಯಾರು ಕೂಡತಿದ್ರು. ಓಣಿಯ ಹೆಸರು, ತಾರೀಖು ಬರೆದಿಡ್ರಿ. ಮನೆಯ ಗ್ರೂಪಿನಲ್ಲೂ ಹಾಕ್ರಿ, ಒಂದು ಪ್ರತಿ ಬೇರೆ ಕಡೆನೂ ಇಡ್ರಿ.

ಬಿಲ್ಡರ್ ಬರೋದು ಯಾವಾಗ ಅಂತ ಯಾರೂ ಹೇಳಲಿಕ್ಕೆ ಆಗೂದಿಲ್ಲ. ಅಜ್ಜಿ ಇರೋದು ಮಾತ್ರ ಈಗ.