ಕವಾಟ ಕೆಡುವವರೆಗೆ ಕಾಯುವ ನಾವು

ಪತ್ರಿಕೆಗಳಲ್ಲಿ ಆಗಾಗ ಒಂದು ಮನವಿ ಕಾಣಿಸುತ್ತದೆ. ಇಪ್ಪತ್ತರ ಹುಡುಗಿಯ ಭಾವಚಿತ್ರ. ಹೃದಯದ ಕವಾಟ ಕೆಟ್ಟಿದೆ, ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕು, ದಾನಿಗಳು ನೆರವಾಗಬೇಕು. ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ನಾವು ಮರುಗುತ್ತೇವೆ, ಕೈಲಾದಷ್ಟು ಕೊಡುತ್ತೇವೆ. ಈಕೆ ಹತ್ತು ವರ್ಷದವಳಿದ್ದಾಗ ಗಂಟಲು ನೋವೆಂದು ಅತ್ತದ್ದನ್ನು ಯಾರು ಕೇಳಿಸಿಕೊಂಡರು ಎಂದು ಮಾತ್ರ ವಿಚಾರಿಸುವುದಿಲ್ಲ.

ನಮ್ಮ ದೇಶದಲ್ಲಿ ಎಳೆಯರ ಕವಾಟ ಕೆಡಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೆ ಬರುತ್ತದೆ. ಎರಡು-ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಲ್ಲಿ ಜ್ವರ, ಇಂದು ಮೊಣಕಾಲು ನಾಳೆ ಮೊಣಕೈ ಎಂದು ಅಲೆದಾಡುವ ಕೀಲುನೋವು. ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ತನ್ನದೇ ಹೃದಯವನ್ನು ಗಾಯಗೊಳಿಸುತ್ತದೆ. 5ರಿಂದ 15 ವರ್ಷದವರಲ್ಲೇ ಇದು ಹೆಚ್ಚು. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವ ಮನೆ ಇದರ ತವರು. ನಾವೋ, ‘ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜ’ ಎಂದು ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಕೀಲುನೋವು ವಾಸಿಯಾಗುತ್ತದೆ, ಕವಾಟ ವಾಸಿಯಾಗದಿರಬಹುದು.

ಗಂಟಲಿನ ಸೋಂಕಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಜ್ವರವೇ ಬಾರದು. ಬಂದವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಹೃದಯಕ್ಕೆ ತಾಗಿದ್ದರೆ ಹತ್ತು ವರ್ಷ, ಕೆಲವರಿಗೆ ಜೀವಮಾನವಿಡೀ. ಹಳೆಯ, ಅಗ್ಗದ ಮದ್ದು. ಅಗ್ಗವಾಗಿರುವುದೇ ಅದರ ಅಪರಾಧ! ಲಾಭವಿಲ್ಲದ್ದನ್ನು ತಯಾರಿಸಲು ಕಂಪೆನಿಗಳಿಗೆ ಆಸಕ್ತಿಯಿಲ್ಲ. ಅಲರ್ಜಿಯ ಭಯದಿಂದ ಕೆಲವು ವೈದ್ಯರೂ ಹಿಂಜರಿಯುತ್ತಾರೆ. ಭಯ ಸುಳ್ಳಲ್ಲ, ಆದರೆ ಗಂಭೀರ ಅಲರ್ಜಿ ಅಪರೂಪ. ಅಡ್ರಿನಲಿನ್ ಸಿದ್ಧವಿಟ್ಟುಕೊಂಡರೆ ನಿಭಾಯಿಸಬಹುದು.

ಇದು ಬಡ ದೇಶಗಳ ಹಣೆಬರಹ ಎನ್ನುವವರು ಕ್ಯೂಬಾದ ಪಿನಾರ್ ಡೆಲ್ ರಿಯೋ ಪ್ರಾಂತ್ಯವನ್ನು ನೋಡಲಿ. 1986ರಿಂದ ಅಲ್ಲಿ ರೋಗಿಗಳ ದಾಖಲೆಯಿಟ್ಟು, ಆರೋಗ್ಯ ಕಾರ್ಯಕರ್ತರಿಗೂ ಜನರಿಗೂ ತಿಳಿವಳಿಕೆ ಕೊಟ್ಟು, ಚುಚ್ಚುಮದ್ದು ತಪ್ಪದಂತೆ ನೋಡಿಕೊಂಡರು. ಹತ್ತು ವರ್ಷಗಳಲ್ಲಿ ರುಮ್ಯಾಟಿಕ್ ಜ್ವರ ಬಹಳಷ್ಟು ಇಳಿಯಿತು. ವಿಶ್ವ ಆರೋಗ್ಯ ಸಭೆಯೂ 2018ರಲ್ಲಿ ಈ ರೋಗದ ಬಗ್ಗೆ ನಿರ್ಣಯ ಅಂಗೀಕರಿಸಿತು. ನಮ್ಮಲ್ಲಿ ಸರಕಾರಗಳು ಶಸ್ತ್ರಚಿಕಿತ್ಸೆಯ ಲೆಕ್ಕವನ್ನು ಹೆಮ್ಮೆಯಿಂದ ಕೊಡುತ್ತವೆ. ಚುಚ್ಚುಮದ್ದು ತಪ್ಪಿಸಿಕೊಂಡ ಮಗುವಿನ ಮನೆಬಾಗಿಲಿಗೆ ಹೋದವರ ಲೆಕ್ಕ ಎಲ್ಲಿದೆ?

ಇನ್ನು ನಮ್ಮ ಮನೆಗಳ ಪಾಪ. ಮಗಳಿಗೆ ಸಂಬಂಧ ಕೂಡಿಬಂದೊಡನೆ ಚುಚ್ಚುಮದ್ದು ನಿಲ್ಲಿಸುತ್ತಾರೆ. ಆಸ್ಪತ್ರೆಯ ಚೀಟಿ ಪೆಟ್ಟಿಗೆಯ ತಳ ಸೇರುತ್ತದೆ. ಗರ್ಭಿಣಿಯಾದಾಗ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಕಿರಿದಾದ ಮೈಟ್ರಲ್ ಕವಾಟ ಅದನ್ನು ತಾಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲೇ ತಿಳಿದಿದ್ದರೆ ಎಷ್ಟೋ ಮಂದಿಗೆ ಎದೆ ಕೊಯ್ಯದೆ ಬಲೂನಿನಿಂದಲೇ ಕವಾಟ ಹಿಗ್ಗಿಸಬಹುದಿತ್ತು. ಗಂಡಿನ ಕಡೆಯವರೇ, ಚಿನ್ನದ ತೂಕ ಕೇಳುವ ನೀವು ಸೊಸೆಯ ಚುಚ್ಚುಮದ್ದಿನ ತಾರೀಕು ಕೇಳಿ ಆಸ್ಪತ್ರೆಗೆ ಕರೆದೊಯ್ಯುವಿರಾದರೆ, ಆ ಚೀಟಿಯನ್ನು ಯಾವ ತಾಯಿಯೂ ಬಚ್ಚಿಡಬೇಕಾಗಿಲ್ಲ.