ಪ್ರಧಾನ ಕಚೇರಿ ಊರು ಬಿಟ್ಟಾಗ ನೌಕರನ ಕೈಗೆ ಬರುವುದೆಷ್ಟು?

ಮುಂಬಯಿ: ಕಂಪೆನಿಯ ಪ್ರಧಾನ ಕಚೇರಿಯನ್ನು ಬೇರೆ ನಗರಕ್ಕೆ ಒಯ್ಯುವುದು ಆಡಳಿತ ಮಂಡಳಿಯ ಒಂದು ದಿನದ ಸಭೆಯ ನಿರ್ಣಯ. ಆದರೆ ಡೊಂಬಿವಲಿಯಲ್ಲಿ ಸಾಲ ಮಾಡಿ ಮನೆ ಕೊಂಡು, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ, ಊರಿನಲ್ಲಿರುವ ಹೆತ್ತವರಿಗೆ ತಿಂಗಳು ತಿಂಗಳು ಹಣ ಕಳುಹಿಸುವ ನೌಕರನಿಗೆ ಅದು ಬದುಕಿನ ಪ್ರಶ್ನೆ.

ಮುಂಬಯಿಗರಿಗೆ ಇದು ಹೊಸತಲ್ಲ. ಏರ್ ಇಂಡಿಯಾದ ಪ್ರಧಾನ ಕಚೇರಿ 2013ರಲ್ಲಿ ನರಿಮನ್ ಪಾಯಿಂಟ್ ಬಿಟ್ಟು ದಿಲ್ಲಿಗೆ ಹೋಯಿತು. 2022ರ ಜನವರಿ 27ರಂದು ಸಂಸ್ಥೆ ಟಾಟಾ ಸಮೂಹಕ್ಕೆ ಹಸ್ತಾಂತರವಾಯಿತು. 2023ರಲ್ಲಿ ಕಚೇರಿ ಗುರುಗ್ರಾಮ ಸೇರಿತು. ಒಂದು ವರ್ಷ ಯಾರನ್ನೂ ತೆಗೆಯುವಂತಿಲ್ಲ, ಆಮೇಲೆ ತೆಗೆಯುವುದಾದರೆ ಸ್ವಯಂ ನಿವೃತ್ತಿಯ ಅವಕಾಶ ಕೊಡಬೇಕು ಎಂಬುದು ಮಾರಾಟದ ಷರತ್ತಾಗಿತ್ತು. 2022ರ ಜೂನ್‌ನಲ್ಲೇ ಸ್ವಯಂ ನಿವೃತ್ತಿ ಯೋಜನೆ ಪ್ರಕಟವಾಯಿತು. ಕಚೇರಿಯ ಸ್ಥಳಾಂತರವೇ ಅದಕ್ಕೆ ಕಾರಣ ಎನ್ನಲಾಗದು. ಆದರೂ ಅಲ್ಲಿನ ನೌಕರರಿಗೆ ಸಿಕ್ಕಿದ ಈ ಷರತ್ತಿನ ರಕ್ಷಣೆ ಸಾಮಾನ್ಯ ಖಾಸಗಿ ಕಂಪೆನಿಯ ಗುಮಾಸ್ತನಿಗೆ ಇರುವುದಿಲ್ಲ.

2020ರ ಏಪ್ರಿಲ್ 1ರಂದು ಮಂಗಳೂರಿನ ಕಾರ್ಪೊರೇಶನ್ ಬ್ಯಾಂಕ್ ಮುಂಬಯಿಯ ಯೂನಿಯನ್ ಬ್ಯಾಂಕಿನಲ್ಲಿ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಬೆಂಗಳೂರಿನ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗಲೂ ಕರಾವಳಿ ಎರಡು ಪ್ರಧಾನ ಕಚೇರಿಗಳನ್ನು ಕಳೆದುಕೊಂಡಿತು. ಅವು ಸರಕಾರಿ ಬ್ಯಾಂಕುಗಳಾದ್ದರಿಂದ ನೌಕರಿ ಉಳಿಯಿತು. ಖಾಸಗಿಯವರ ಪಾಡು ಬೇರೆ.

ಸಹಿ ಯಾವ ಕಾಗದಕ್ಕೆ?

ಕಚೇರಿ ಬೇರೆ ನಗರಕ್ಕೆ ಹೋದಾಗ ನೌಕರನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ವರ್ಗಾವಣೆ ಒಪ್ಪುವುದು, ಸ್ವಯಂ ನಿವೃತ್ತಿ ಪಡೆಯುವುದು, ಇಲ್ಲವೇ ಕಂಪೆನಿಯೇ ಕೆಲಸದಿಂದ ತೆಗೆಯುವುದು. ನಾಲ್ಕನೆಯ ದಾರಿ ರಾಜೀನಾಮೆ. ಅವಸರದಲ್ಲಿ ನಮ್ಮವರು ಅನೇಕರು ಆರಿಸಿಕೊಳ್ಳುವುದು ಇದನ್ನೇ, ನಷ್ಟ ಹೆಚ್ಚಿರುವುದೂ ಇದರಲ್ಲೇ.

ಒಂದು ಲೆಕ್ಕ ನೋಡೋಣ. 20 ವರ್ಷ ದುಡಿದ ಗುಮಾಸ್ತನಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 40 ಸಾವಿರ ರೂ. ಇದೆ ಎಂದುಕೊಳ್ಳಿ. ಕಂಪೆನಿ ತೆಗೆದರೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸಂಬಳದಂತೆ ಸುಮಾರು 4 ಲಕ್ಷ ರೂ. ಪರಿಹಾರ ಕೊಡಬೇಕು. ಇದಲ್ಲದೆ ಗ್ರಾಚ್ಯುಟಿ ಸುಮಾರು 4.61 ಲಕ್ಷ ರೂ. ಆಗುತ್ತದೆ. ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಬರುತ್ತದೆ, ಆದರೆ ಪರಿಹಾರದ 4 ಲಕ್ಷ ಕೈಬಿಟ್ಟು ಹೋಗುತ್ತದೆ. ಹಾಗೆಂದು ವರ್ಗಾವಣೆಯ ಆದೇಶವನ್ನು ಸುಮ್ಮನೆ ಧಿಕ್ಕರಿಸುವುದೂ ಸರಿಯಲ್ಲ. ನೇಮಕಾತಿ ಪತ್ರದಲ್ಲಿ ಎಲ್ಲಿ ಬೇಕಾದರೂ ವರ್ಗಾಯಿಸಬಹುದು ಎಂಬ ಷರತ್ತಿದ್ದರೆ ಅದು ಶಿಸ್ತುಕ್ರಮಕ್ಕೆ ದಾರಿಯಾದೀತು. ಮೊದಲು ಆ ಹಳೆಯ ಪತ್ರವನ್ನು ತೆಗೆದು ಓದಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ 15 ದಿನಗಳ ಈ ಲೆಕ್ಕ ಉಳಿದಿದೆ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮವೂ ಇದೆ. ಆದರೆ ಪರಿಹಾರ 'ಕೆಲಸಗಾರ'ನಿಗೆ ಮಾತ್ರ. ಮ್ಯಾನೇಜರ್ ದರ್ಜೆಯವರು ಕಂಪೆನಿಯೊಡನೆ ಮಾಡಿಕೊಂಡ ಒಪ್ಪಂದವನ್ನೇ ನಂಬಬೇಕು.

ತೆರಿಗೆಯ ಪಾಲು

ಕೆಲಸಗಾರನ ಕಡಿತ ಪರಿಹಾರಕ್ಕೆ ಕಾನೂನಿನ ಲೆಕ್ಕದಷ್ಟಕ್ಕೆ, ಹೆಚ್ಚೆಂದರೆ 5 ಲಕ್ಷ ರೂ. ವರೆಗೆ, ತೆರಿಗೆ ಇಲ್ಲ. ನಿಯಮಬದ್ಧ ಸ್ವಯಂ ನಿವೃತ್ತಿ ಯೋಜನೆಯಾದರೆ 10 ವರ್ಷ ಸೇವೆ ಅಥವಾ 40 ವರ್ಷ ಪ್ರಾಯ ಆದವರಿಗೆ 5 ಲಕ್ಷದವರೆಗೆ ವಿನಾಯಿತಿ, ಅದೂ ಜೀವಮಾನದಲ್ಲಿ ಒಂದೇ ಬಾರಿ. ಗ್ರಾಚ್ಯುಟಿಗೆ 20 ಲಕ್ಷ, ನಿವೃತ್ತಿ ವೇಳೆಯ ರಜೆ ನಗದೀಕರಣಕ್ಕೆ 25 ಲಕ್ಷ ರೂ. ಮಿತಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ವಿನಾಯಿತಿಗಳು ಉಂಟು.

ಇವುಗಳ ಹೊರಗೆ 'ಪ್ಯಾಕೇಜ್' ಹೆಸರಿನಲ್ಲಿ ಬರುವುದೆಲ್ಲ ಸಂಬಳದ ಲೆಕ್ಕಕ್ಕೇ ಸೇರುತ್ತದೆ. ಇಡೀ ಮೊತ್ತ ಒಂದೇ ವರ್ಷದಲ್ಲಿ ಬರುವುದರಿಂದ ತೆರಿಗೆಯ ಮೇಲಿನ ಹಂತ ತಗಲುತ್ತದೆ. ಇದಕ್ಕೆ ಪರಿಹಾರವಾಗಿ ಷರತ್ತಿಗೊಳಪಟ್ಟು ಹಿಂದಿನ ಮೂರು ವರ್ಷಗಳ ಸರಾಸರಿ ದರದಲ್ಲಿ ರಿಯಾಯಿತಿ ಕೇಳಬಹುದು. ರಿಟರ್ನ್ ಸಲ್ಲಿಸುವ ಮೊದಲೇ ಅದರ ನಮೂನೆ ಸಲ್ಲಿಸಬೇಕು. ಸ್ವಯಂ ನಿವೃತ್ತಿ ಮೊತ್ತಕ್ಕೆ 5 ಲಕ್ಷದ ವಿನಾಯಿತಿ ಪಡೆದರೆ ಅದೇ ಮೊತ್ತಕ್ಕೆ ಈ ರಿಯಾಯಿತಿ ಇಲ್ಲ. ಎರಡರಲ್ಲಿ ಯಾವುದು ಲಾಭ ಎಂದು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ವರ್ಗಾವಣೆ ಒಪ್ಪಿ ಹೋಗುವವರ ಆದಾಯ ತೆರಿಗೆ ರಾಜ್ಯ ಬದಲಾದರೂ ಬದಲಾಗದು. ಬದಲಾಗುವುದು ವರ್ಷಕ್ಕೆ ಹೆಚ್ಚೆಂದರೆ 2,500 ರೂ. ಆಗುವ ವೃತ್ತಿ ತೆರಿಗೆ ಮಾತ್ರ. ಸಾಮಾನು ಸಾಗಿಸಲು ಕಂಪೆನಿ ಕೊಟ್ಟ ಹಣ ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ. ರಶೀದಿಗಳನ್ನು ಜೋಪಾನವಾಗಿಡಬೇಕು.

ರಜೆ ನಗದೀಕರಣದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದ ಸರಕಾರ, ಕೆಲಸ ಕಳೆದುಕೊಂಡವನ 5 ಲಕ್ಷದ ಮಿತಿಯನ್ನು ದಶಕಗಳಿಂದ ಮುಟ್ಟಿಲ್ಲ. ನಿವೃತ್ತನಾಗಿ ಹೋಗುವವನಿಗೆ ಸಿಗುವ ಅನುಕಂಪ ನಡುವಯಸ್ಸಿನಲ್ಲಿ ಬೀದಿಗೆ ಬಂದವನಿಗೆ ಏಕಿಲ್ಲ?

ನಮ್ಮ ಸಂಘ-ಸಂಸ್ಥೆಗಳಲ್ಲಿ ಲೆಕ್ಕಪರಿಶೋಧಕರಿಗೂ ವಕೀಲರಿಗೂ ಕೊರತೆಯಿಲ್ಲ. ವಾರ್ಷಿಕೋತ್ಸವ, ಸನ್ಮಾನಗಳ ನಡುವೆ ಒಂದು ರವಿವಾರವನ್ನು ಇಂಥ ಮಾಹಿತಿ ಶಿಬಿರಕ್ಕೆ ಮೀಸಲಿಟ್ಟರೆ ಎಷ್ಟೋ ಮನೆಗಳು ಉಳಿದಾವು. ಅಲ್ಲಿಯವರೆಗೆ ನೌಕರ ಬಂಧುಗಳು ಒಂದು ಮಾತು ನೆನಪಿಡಲಿ: ಕಾಗದ ಕೈಗೆ ಬಂದ ದಿನವೇ ಸಹಿ ಹಾಕಬೇಡಿ. ಮನೆಗೆ ತನ್ನಿ, ತಿಳಿದವರಿಗೆ ತೋರಿಸಿ, ಆಮೇಲೆ ಪೆನ್ನು ಹಿಡಿಯಿರಿ.