ಗಣಕದ ಒಡೆತನವೂ ಸಮಾನತೆಯ ಪ್ರಶ್ನೆ

ಉಳುವವನೇ ಹೊಲದೊಡೆಯನಾಗಬೇಕೆಂಬ ಧ್ಯೇಯವು 1974ರ ಭೂಸುಧಾರಣಾ ತಿದ್ದುಪಡಿಯ ಮೂಲಕ ಶಾಸನರೂಪವನ್ನು ತಾಳಿ, ಗೇಣಿದಾರರು ನಮೂನೆ 7ನ್ನು ತುಂಬಿ ತಮ್ಮ ಹಕ್ಕನ್ನು ಕೇಳಲು ನಿಂತಾಗ, ದುಡಿಮೆಯ ಸಾಧನವು ಯಾರ ವಶದಲ್ಲಿರಬೇಕೆಂಬ ಪ್ರಶ್ನೆಯು ಕರ್ನಾಟಕದ ಹಳ್ಳಿಹಳ್ಳಿಯ ಚಾವಡಿಯನ್ನು ಮುಟ್ಟಿತ್ತು. ಅಂದು ಆ ಪ್ರಶ್ನೆಗೆ ಬಲಕೊಟ್ಟ ಸಮಾಜವಾದಿ ಹಾಗೂ ಎಡಪಂಥೀಯ ಚಿಂತನೆಯು ಇಂದು ಅದನ್ನೇ ಗಣಕಯಂತ್ರದ ವಿಷಯದಲ್ಲಿಯೂ ಕೇಳಬೇಕಾಗಿದೆ. ಏಕೆಂದರೆ ಬಡವನ ಕೂಲಿಯೂ ಪಡಿತರವೂ ಪಹಣಿಯೂ ಈಗ ಆ ಯಂತ್ರದ ಮೂಲಕವೇ ಹಾದು ಬರುತ್ತವೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕನ್ನೇ ನೋಡೋಣ. ಭೀಮಗಡದ ಕಾಡಿನ ಅಂಚಿನಲ್ಲಿ, ಕಣಕುಂಬಿ, ಜಾಂಬೋಟಿಗಳ ಕಡೆಗೆ ಚದುರಿರುವ ಊರುಗಳಲ್ಲಿ ನೆಟ್‌ವರ್ಕ್ ಎಂಬುದು ಮಳೆಗಾಲದ ಬಿಸಿಲಿನಷ್ಟೇ ವಿರಳ. ಹೀಗಿದ್ದರೂ 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಸಾಮೂಹಿಕ ಕಾಮಗಾರಿಗಳಲ್ಲಿ ಕೂಲಿಕಾರರ ಭಾವಚಿತ್ರವನ್ನು ಅವರ ಮೇಲ್ವಿಚಾರಕನಾದ ಕಾಯಕ ಬಂಧುವು ದಿನಕ್ಕೆರಡು ಬಾರಿ ಮೊಬೈಲಿನಲ್ಲಿ ತೆಗೆದು ಏರಿಸಬೇಕೆಂಬ ನಿಯಮವು ಕಡ್ಡಾಯವಾಯಿತು. 2025ರ ಜುಲೈ 1ರಿಂದ ಅಂಗನವಾಡಿಯ ಪೌಷ್ಟಿಕ ಆಹಾರವನ್ನು ಮನೆಗೊಯ್ಯುವ ಗರ್ಭಿಣಿ, ಬಾಣಂತಿಯರ ಮುಖವನ್ನು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶವು ಗುರುತಿಸಬೇಕೆಂಬ ಆದೇಶವೂ ಜಾರಿಗೆ ಬಂದಿತು. ಉಳ್ಳವನು ತನ್ನ ಮುಖವನ್ನು ಒಪ್ಪಿಸದೆ ಊಟಮಾಡಬಲ್ಲನು. ಹಸಿದವಳಿಗೆ ಆ ಸ್ವಾತಂತ್ರ್ಯವಿಲ್ಲ. ಖಾಸಗಿತನವು ಸಿರಿವಂತರ ಸೊಗಸೆಂದು ಭಾವಿಸಿರುವ ಪ್ರಗತಿಪರರು ಈ ಅಸಮಾನತೆಯನ್ನು ಮನಗಾಣಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ದಾವೆಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೇ ಒಪ್ಪಿಸಿದೆ. ಹೀಗೆ ಶಾಸನವು ಕೈಬಿಟ್ಟೆಡೆಯಲ್ಲಿ, ಯಂತ್ರದ ಒಳಗೇನು ನಡೆಯುತ್ತಿದೆಯೆಂಬುದನ್ನು ಪರೀಕ್ಷಿಸುವ ಸಾಮರ್ಥ್ಯವಾದರೂ ಪ್ರಜೆಗೆ ಉಳಿದಿರಬೇಕಲ್ಲವೆ?

ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯು ಮುಖ್ಯವಾಗುವುದು ಇಲ್ಲಿಯೇ. ಯಂತ್ರದ ಸಕಲ ಅಂಗಗಳನ್ನೂ ನಡೆಸುವ ಈ ಮೂಲ ತಂತ್ರಾಂಶವು ವಿಂಡೋಸ್ ಆಗಿದ್ದರೆ ಅದರ ಆಕರ ಸಂಕೇತವು (ಸೋರ್ಸ್ ಕೋಡ್) ಕಂಪನಿಯ ಸ್ವತ್ತು. ಅಗತ್ಯವೆಂದು ಕಂಪನಿಯೇ ಗೊತ್ತುಮಾಡಿದ ಮಾಹಿತಿಯ ರವಾನೆಯನ್ನು ಮನೆಬಳಕೆಯ ಆವೃತ್ತಿಯಲ್ಲಿ ಪೂರ್ತಿಯಾಗಿ ನಿಲ್ಲಿಸಲು ಅವಕಾಶವಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯೂ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳೂ (ಕರ್ನಲ್) ಕೂಡಿ ಬೆಳೆದ ವ್ಯವಸ್ಥೆಯಾದರೋ ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ಸಮುದಾಯದ ಸ್ವತ್ತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿದಾಗ, ಸುಸ್ಥಿತಿಯಲ್ಲಿದ್ದ ಎಷ್ಟೋ ಗಣಕಗಳು ವಿಂಡೋಸ್ 11ಕ್ಕೆ ಅನರ್ಹವೆನಿಸಿದುವು. ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಎಂಬ ಗ್ನೂ/ಲಿನಕ್ಸ್ ಆವೃತ್ತಿಯನ್ನು ಹಾಕಿದರೆ ಅಂಥವುಗಳಲ್ಲಿ ಬಹುತೇಕ ಇನ್ನೂ ಅನೇಕ ವರ್ಷ ದುಡಿಯಬಲ್ಲವು.

ಇದು ಕೇವಲ ಆದರ್ಶವಾದಿಗಳ ಕನಸೆನ್ನುವವರು ಕೇರಳದ ಕಡೆಗೆ ದೃಷ್ಟಿ ಹರಿಸಬೇಕು. 2007ರಲ್ಲಿ ಎಡರಂಗದ ಸರ್ಕಾರವು ತನ್ನ ಮಾಹಿತಿ ತಂತ್ರಜ್ಞಾನ ನೀತಿಯಲ್ಲಿ ಇಂಥ ಸ್ವತಂತ್ರ ತಂತ್ರಾಂಶಕ್ಕೆ ಆದ್ಯಸ್ಥಾನವಿತ್ತಿತು. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಗ್ನೂ/ಲಿನಕ್ಸಿನ ಮೇಲೆಯೇ ಗಣಕವಿದ್ಯೆಯನ್ನು ಕಲಿತು ಬೆಳೆದಿದ್ದಾರೆ. ಕೇಂದ್ರ ಸರ್ಕಾರವೂ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಕನ್ನಡಕ್ಕೆ ತೊಡಕೆಂಬ ಆಕ್ಷೇಪವೂ ಈಗ ನಿಲ್ಲದು: ‘ನುಡಿ’ ತಂತ್ರಾಂಶದಿಂದ ಪರಿಚಿತವಾದ ಕಗಪ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ಇದೆ, ಗುಬ್ಬಿ, ನವಿಲು ಎಂಬ ಸ್ವತಂತ್ರ ಅಕ್ಷರವಿನ್ಯಾಸಗಳೂ ಉಂಟು. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ನೆಲೆಯಾಗಿರುವ ಬೆಳಗಾವಿಯಲ್ಲಿ ಇವನ್ನು ಕಲಿಸಬಲ್ಲ ತರುಣರಿಗೆ ಕೊರತೆಯೆಂದರೆ ಯಾರೂ ನಂಬರು.

ಆದರೂ ಒಂದು ಎಚ್ಚರಿಕೆ ಅವಶ್ಯ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ ಆಗಿದೆ. ಕೂಲಿಕಾರರ ಮುಖವನ್ನು ಸಂಗ್ರಹಿಸಿದ್ದು ಆ ಫೋನಿನ ಮೂಲಕವೇ. ತಿರುಳು ಮುಕ್ತವಾದ ಮಾತ್ರಕ್ಕೆ ಅದರ ಮೇಲೆ ಕಟ್ಟಿದ ಸೌಧವು ಮುಕ್ತವಾಗದು. ಭೂಮಿ ಹಂಚಿದ ಮಾತ್ರಕ್ಕೆ ಸಾಲವೂ ಮಾರುಕಟ್ಟೆಯೂ ರೈತನ ವಶವಾಗದಂತೆಯೇ ಇದು. ಆದಕಾರಣ ತಂತ್ರಾಂಶದ ಸ್ವಾತಂತ್ರ್ಯವನ್ನೂ ದತ್ತಾಂಶದ ಮೇಲಣ ಶಾಸನದ ಅಂಕುಶವನ್ನೂ ಜೊತೆಜೊತೆಯಾಗಿಯೇ ಕೇಳಬೇಕು.

ಚಳಿಗಾಲದ ಅಧಿವೇಶನದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಸಮೀಪ ಪೆಂಡಾಲ್ ಹಾಕಿ ಧರಣಿ ಕೂರುವ ಸಂಘಟನೆಗಳು ವೇತನ, ಪಿಂಚಣಿಗಳ ಜೊತೆಗೆ ಮೂರು ಬೇಡಿಕೆಗಳನ್ನು ತಮ್ಮ ಮನವಿಪತ್ರದಲ್ಲಿ ಸೇರಿಸಲಿ: ಮುಖ ಕೊಡದಿದ್ದರೂ ಅನ್ನವೂ ಕೂಲಿಯೂ ದೊರೆಯಲಿ, ಸಾರ್ವಜನಿಕ ಹಣದಿಂದ ರಚಿಸಿದ ತಂತ್ರಾಂಶದ ಆಕರ ಸಂಕೇತವು ಸಾರ್ವಜನಿಕರಿಗೆ ತೆರೆದಿರಲಿ, ಸರ್ಕಾರಿ ಶಾಲೆ, ಗ್ರಾಮ ಪಂಚಾಯಿತಿಗಳ ಗಣಕಗಳಲ್ಲಿ ಸ್ವತಂತ್ರ ವ್ಯವಸ್ಥೆ ನೆಲೆಗೊಳ್ಳಲಿ. ತಮ್ಮ ಸದಸ್ಯರ ಪಟ್ಟಿಯಿರುವ ಕಚೇರಿಯ ಗಣಕದಿಂದಲೇ ಅವು ಈ ಕಾರ್ಯವನ್ನು ಆರಂಭಿಸಲಿ. ತಾವು ಆಚರಿಸಿದುದನ್ನು ಸರ್ಕಾರದಿಂದ ಕೇಳುವವರ ಮಾತಿಗೆ ತೂಕ ಹೆಚ್ಚು.